ಗೊಂಬೆ ಯಾಕೆ ಅಂಟುತ್ತೆ? ಕಂಪನಿ ಯಾಕೆ ಜಾರುತ್ತೆ?

ಈ ಸಲ ಬಂದ ಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆ. ಎಲ್ಲ ಫಿಗರ್‌ಗಳ ಬಗ್ಗೆ, ಅಂದರೆ ಶೋಕೇಸ್‌ನಲ್ಲಿಡಲು ಕೂಡಿಡುವ ಗೊಂಬೆಗಳ ಬಗ್ಗೆ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಗೋಳು. ಫಿಗರ್ ಅಂಟುತ್ತಿದೆ, ಫಿಗರ್ ವಾಲುತ್ತಿದೆ, ಬಿಳಿ ಇದ್ದಿದ್ದು ಹಳದಿಯಾಗಿದೆ, ಜಾಕೆಟ್ ಸಿಪ್ಪೆ ಏಳುತ್ತಿದೆ, ಕಂಪನಿಗೆ ಬರೆದರೆ ಉತ್ತರ ಇಲ್ಲ. ಹಾಗಾಗಿ ಈ ಕಂತನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ನಾನು ಹಲವು ವರ್ಷ ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವಳು, ಅದಕ್ಕಿಂತ ಜಾಸ್ತಿ ವರ್ಷಗಳಿಂದ ಫಿಗರ್ ಕೂಡಿಡುತ್ತಿರುವವಳು. ಎರಡೂ ಕಡೆಯ ನೋವು ಸ್ವಲ್ಪ ಗೊತ್ತು. ಪ್ರಶ್ನೆಗಳನ್ನು ಚಿಕ್ಕದು ಮಾಡಿದ್ದೇನೆ, ಬೈಗುಳ ತೆಗೆದಿದ್ದೇನೆ.

ಮೇಡಂ, ಎಂಟು ವರ್ಷದ ಹಿಂದೆ ಕೊಂಡ ಪಿವಿಸಿ ಫಿಗರ್. ಬಾಕ್ಸ್ ತೆರೆದೇ ಇರಲಿಲ್ಲ, ಬೀರುವಿನಲ್ಲಿ ಹಾಗೇ ಇಟ್ಟಿದ್ದೆ. ಮೊನ್ನೆ ತೆರೆದರೆ ಮೈಯೆಲ್ಲ ಜಿಗುಟು. ಮುಟ್ಟಿದರೆ ಬೆರಳು ಅಂಟುತ್ತದೆ. ಒಳಗಿನ ಪಾರದರ್ಶಕ ಟ್ರೇಗೆ ಅದರ ಕೈ ಕಚ್ಚಿಕೊಂಡಿದೆ. ಬಿಸಿಲಿಗೆ ಇಟ್ಟಿಲ್ಲ, ಮುಟ್ಟೂ ಇಲ್ಲ. ಹೀಗೆ ಹೇಗಾಯ್ತು?

ಬಾಕ್ಸ್ ತೆರೆಯದೆ ಇಟ್ಟಿದ್ದರಿಂದಲೇ ಇಷ್ಟು ಜಾಸ್ತಿ ಆಗಿದ್ದು. ಕೇಳಿದರೆ ಹೊಟ್ಟೆ ಉರಿಯುತ್ತದೆ, ಗೊತ್ತು.

ಪಿವಿಸಿ ಅನ್ನೋದು ಹುಟ್ಟಾ ಗಟ್ಟಿ ವಸ್ತು. ನೀರಿನ ಪೈಪ್ ನೋಡಿದ್ದೀರಲ್ಲ, ಅದೇ. ಅದರಲ್ಲಿ ಹಾರುವ ಕೂದಲು, ಲಂಗದ ನೆರಿಗೆ, ಕಡ್ಡಿಯಷ್ಟು ಸಣ್ಣ ಬೆರಳು ಎಲ್ಲ ಮೂಡಬೇಕು, ಮೂಡಿದ ಮೇಲೆ ಮುರಿಯದೆ ಅಚ್ಚಿನಿಂದ ಹೊರಗೆ ಬರಬೇಕು ಅಂದರೆ ಅದನ್ನು ಮೆತ್ತಗೆ ಮಾಡಲೇಬೇಕು. ಅದಕ್ಕೆ ಬೆರೆಸುವ ಎಣ್ಣೆಯಂಥ ದ್ರವವೇ ಪ್ಲಾಸ್ಟಿಸೈಸರ್. ಇದು ಪಿವಿಸಿ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ. ಅದರ ಉದ್ದುದ್ದ ಎಳೆಗಳ ಸಂದಿಯಲ್ಲಿ ಸುಮ್ನೆ ಸೇರಿಕೊಂಡು ಕೂತಿರುತ್ತದೆ. ಕೂತಿದ್ದು ಎದ್ದೂ ಬರುತ್ತದೆ. ವರ್ಷ ಕಳೆದಂತೆ ಮೆಲ್ಲಗೆ ಮೇಲಕ್ಕೆ ಬರುತ್ತದೆ, ಸೆಕೆ ಇದ್ದರೆ ಇನ್ನೂ ಬೇಗ. ಗಾಳಿಯಾಡುವ ಕಡೆ ಇದ್ದರೆ ಅಷ್ಟಷ್ಟೇ ಆರಿಹೋಗುತ್ತದೆ. ಮುಚ್ಚಿದ ಬಾಕ್ಸ್‌ನಲ್ಲಿ ಅದಕ್ಕೆ ಹೋಗಲು ದಾರಿ ಇಲ್ಲ, ಮೈಮೇಲೇ ಪದರ ಕಟ್ಟುತ್ತದೆ.

ಟ್ರೇಗೆ ಕೈ ಕಚ್ಚಿಕೊಂಡಿದ್ದಕ್ಕೂ ಇದೇ ಕಾರಣ. ಇದನ್ನು ನೀವು ಶಾಲೆಯಲ್ಲೇ ನೋಡಿರುತ್ತೀರಿ. ಜಾಮಿಟ್ರಿ ಬಾಕ್ಸ್‌ನಲ್ಲಿ ಬಿಳಿ ರಬ್ಬರನ್ನೂ ಪ್ಲಾಸ್ಟಿಕ್ ಸ್ಕೇಲನ್ನೂ ಒತ್ತಾಗಿ ಇಟ್ಟು ಕೆಲವು ತಿಂಗಳು ಮರೆತರೆ, ತೆಗೆಯುವಾಗ ರಬ್ಬರ್ ಸ್ಕೇಲಿಗೆ ಅಂಟಿರುತ್ತದೆ. ಕಿತ್ತರೆ ಸ್ಕೇಲಿನ ಮೇಲೆ ರಬ್ಬರಿನ ಅಂಚಿನ ಆಕಾರಕ್ಕೇ ಒಂದು ಕರಗಿದ ಗುಳಿ, ಅಲ್ವಾ? ಆ ರಬ್ಬರ್ ಹೆಚ್ಚಾಗಿ ಮೆತ್ತನೆಯ ಪಿವಿಸಿ. ಅದರಿಂದ ಹೊರಬಂದ ಪ್ಲಾಸ್ಟಿಸೈಸರ್ ಪಕ್ಕದ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿಬಿಟ್ಟಿತು. ನಿಮ್ಮ ಬಾಕ್ಸ್‌ನಲ್ಲೂ ಎಂಟು ವರ್ಷ ಅದೇ ನಡೆದಿದೆ.

ಒಂದು ಸಮಾಧಾನ ಬೇಕಿದ್ದರೆ, ಚಂದ್ರನ ಕಾರ್ಯಕ್ರಮಕ್ಕೇ ಈ ಕಾಟ ತಪ್ಪಿಲ್ಲ. ಅಪೊಲೊ ಕಾಲದ ಗಗನಯಾತ್ರಿಗಳ ಸೂಟ್‌ಗಳಲ್ಲಿ ಪಿವಿಸಿ ಕೊಳವೆಗಳಿದ್ದವು. ಮ್ಯೂಸಿಯಂ ಸೇರಿದ ಮೇಲೆ ಅವುಗಳಿಂದ ಪ್ಲಾಸ್ಟಿಸೈಸರ್ ಒಸರಿ ಬಟ್ಟೆಯ ಮೇಲೆ ಕಂದು ಕಲೆ ಬಿದ್ದಿದೆ.

ಈಗ ಮಾಡಬೇಕಾದದ್ದು. ಕೈಯನ್ನು ಎಳೆಯಬೇಡಿ. ಟ್ರೇಯನ್ನೇ ಕತ್ತರಿಸಿ ಸುತ್ತಲಿಂದ ಬಿಡಿಸಿ, ಟ್ರೇ ಹೋದರೆ ಹೋಗಲಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಮೆತ್ತನೆಯ ಬ್ರಷ್‌ನಿಂದ ತೊಳೆದು, ಒರೆಸದೆ ನೆರಳಲ್ಲಿ ಆರಲು ಬಿಡಿ. ಕೆಲವು ತಿಂಗಳಿಗೆ ಮತ್ತೆ ಅಂಟಬಹುದು, ಮತ್ತೆ ತೊಳೆಯಿರಿ. ಥಿನ್ನರ್, ಅಸಿಟೋನ್ ಹತ್ತಿರಕ್ಕೂ ತರಬೇಡಿ, ಮುಖವೇ ಅಳಿಸಿಹೋಗುತ್ತದೆ. ಸ್ಪಿರಿಟ್ ಕೂಡ ಬಣ್ಣ ಎಬ್ಬಿಸುತ್ತದೆ. ಪೌಡರ್ ಹಚ್ಚಿ ಅಂಟು ಮುಚ್ಚುವವರಿದ್ದಾರೆ, ಅದು ಬೆವರಿದ ಮುಖಕ್ಕೆ ಪೌಡರ್ ಹಾಕಿದ ಹಾಗೆ.

ಗಾಳಿಯಾಡಲಿ ಅನ್ನೋದಕ್ಕೆ ಒಂದು ಅಡ್ಡಮಾತೂ ಇದೆ. ಪ್ಲಾಸ್ಟಿಸೈಸರ್ ಆರಿಹೋದಷ್ಟೂ ಪಿವಿಸಿ ಕುಗ್ಗುತ್ತದೆ, ಬಿರುಸಾಗುತ್ತದೆ. ಡೆನ್ಮಾರ್ಕ್‌ನ ನ್ಯಾಷನಲ್ ಮ್ಯೂಸಿಯಂನಲ್ಲಿ ನಡೆದ ಸಂಶೋಧನೆ ಪ್ರಕಾರ ಮೆತ್ತನೆಯ ಪಿವಿಸಿಯನ್ನು ಮುಚ್ಚಿದ ಗಾಜಿನ ಪಾತ್ರೆಯಂಥದ್ದರಲ್ಲಿ ಇಟ್ಟರೆ ಈ ನಷ್ಟ ನಿಧಾನ, ಪಾಲಿಥೀನ್ ಚೀಲದಲ್ಲಿ ಇಟ್ಟರೆ ಬೇಗ, ಯಾಕೆಂದರೆ ಆ ಚೀಲ ಪ್ಲಾಸ್ಟಿಸೈಸರನ್ನು ಹೀರಿಕೊಳ್ಳುತ್ತದೆ. ಮ್ಯೂಸಿಯಂನವರು ನೂರು ವರ್ಷದ ಲೆಕ್ಕ ಹಾಕುತ್ತಾರೆ, ನಾವು ಈ ಭಾನುವಾರ ಫಿಗರ್ ಮುಟ್ಟಿದರೆ ಅಂಟಬಾರದು ಅನ್ನುವ ಲೆಕ್ಕ. ನನ್ನ ಮಟ್ಟಿಗೆ ಗಾಜಿನ ಶೋಕೇಸ್, ಅದಕ್ಕೆ ಸ್ವಲ್ಪ ಸಂದಿ, ತಂಪಾದ ಗೋಡೆ, ಅಷ್ಟು ಸಾಕು. ಪ್ಲಾಸ್ಟಿಕ್ ಚೀಲ ಮಾತ್ರ ಬೇಡ.

ಆಂಟಿ, ನನ್ನ ಫಿಗರ್ ಒಂದು ಕಾಲಲ್ಲಿ ನಿಂತಿರೋದು. ಮುಂದಕ್ಕೆ ವಾಲಿತ್ತು. ಬಿಸಿನೀರಲ್ಲಿ ಹಾಕಿದರೆ ಸರಿಹೋಗುತ್ತೆ ಅಂತ ಫ್ರೆಂಡ್ ಹೇಳಿದ. ಕುದಿಯೋ ನೀರಿಗೆ ಪೂರ್ತಿ ಹಾಕಿಬಿಟ್ಟೆ. ಈಗ ಕೂದಲೆಲ್ಲ ಬಾಗಿದೆ. ಅಮ್ಮ ಬೈತಾರೆ.

ಅಮ್ಮ ಬೈಯಲಿ ಬಿಡು ಪುಟ್ಟಾ, ಕುದಿಯೋ ನೀರಿನ ಹತ್ತಿರ ಒಬ್ಬನೇ ಹೋಗಿದ್ದಕ್ಕೆ ನಾನೂ ಬೈತೀನಿ. ನಿನ್ನ ಫ್ರೆಂಡ್ ಹೇಳಿದ್ದು ಅರ್ಧ ಸರಿ. ಅಮ್ಮನನ್ನೋ ಅಪ್ಪನನ್ನೋ ಜೊತೆಗೆ ಕರೆದುಕೋ. ಕುದಿಯುವ ನೀರು ಬೇಡ, ಚೆನ್ನಾಗಿ ಬಿಸಿಯಾದ ನೀರು ಸಾಕು. ಬಾಗಿರುವ ಭಾಗವನ್ನು ಮಾತ್ರ ಅರ್ಧ ನಿಮಿಷ ಅದ್ದಿ, ದೊಡ್ಡವರು ಮೆಲ್ಲಗೆ ಸರಿಯಾದ ಆಕಾರಕ್ಕೆ ಒತ್ತಿ ಹಿಡಿಯಲಿ, ಹಾಗೇ ಹಿಡಿದುಕೊಂಡೇ ತಣ್ಣೀರಿಗೆ ಹಾಕಲಿ. ತಣ್ಣಗಾಗುವ ಮೊದಲು ಕೈಬಿಟ್ಟರೆ ಮತ್ತೆ ಅಲ್ಲಿಗೇ. ಕೂದಲಿಗೂ ಇದೇ ಉಪಾಯ, ಒಂದೊಂದೇ ಎಳೆಗೆ ಮಾಡಬೇಕು, ಒಂದು ಸಂಜೆ ಹಿಡಿಯುತ್ತದೆ.

ಇನ್ನು ವಾಲಿದ್ದು ಯಾಕೆ ಅಂತ ದೊಡ್ಡವರಿಗೂ ಹೇಳಿಬಿಡುತ್ತೇನೆ. ಮೆತ್ತನೆಯ ಪಿವಿಸಿ ಮೇಲೆ ಒಂದೇ ಸಮ ಭಾರ ಬಿದ್ದರೆ ಅದು ಇಷ್ಟಿಷ್ಟೇ ಹರಿಯುತ್ತದೆ. ಕಣ್ಣಿಗೆ ಕಾಣಿಸುವುದಿಲ್ಲ. ಇಂದು ಕೂದಲೆಳೆಯಷ್ಟು, ಮುಂದಿನ ವರ್ಷ ಒಂದು ಬೆರಳಷ್ಟು. ಇಡೀ ಮೈಭಾರ ಒಂದು ಕಣಕಾಲಿನ ಮೇಲೆ, ಆ ಕಣಕಾಲು ಪೆನ್ಸಿಲ್‌ಗಿಂತ ಸಣ್ಣ, ಮೇಲೆ ಒಂದು ದೊಡ್ಡ ಕತ್ತಿ ಬೇರೆ. ಭಂಗಿ ಚೆನ್ನಾಗಿದೆ, ಲೆಕ್ಕ ಚೆನ್ನಾಗಿಲ್ಲ. ಇಂಥ ಕಾಲಿನೊಳಗೆ ಲೋಹದ ಕಡ್ಡಿ ಹಾಕಬೇಕು, ಅಥವಾ ಆ ಒಂದು ಭಾಗವನ್ನು ಎಬಿಎಸ್‌ನಂಥ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮಾಡಬೇಕು, ಇಲ್ಲವೇ ಸೊಂಟಕ್ಕೆ ಊರುಗೋಲು ಕೊಡಬೇಕು. ಈ ಮೂರೂ ಉಪಾಯ ಕಂಪನಿಗಳಿಗೆ ಗೊತ್ತಿರುವುದೇ. ಹಾಗಾಗಿ ನೆರಳಿನಲ್ಲಿಟ್ಟ ಫಿಗರ್ ಒಂದೆರಡು ವರ್ಷದಲ್ಲಿ ವಾಲಿದರೆ ನಾನು ಅದನ್ನು ವಯಸ್ಸು ಅನ್ನುವುದಿಲ್ಲ, ವಿನ್ಯಾಸದ ತಪ್ಪು ಅನ್ನುತ್ತೇನೆ.

ನಮಸ್ಕಾರ ಮೇಡಂ. ನನ್ನ ಹತ್ತಿರ ಒಂದಡಿ ಎತ್ತರದ ಫಿಗರ್‌ಗಳಿವೆ, ನಿಜವಾದ ಬಟ್ಟೆ ತೊಡಿಸಿದ್ದು. ಅದರಲ್ಲಿ ಎರಡರ ಲೆದರ್ ಜಾಕೆಟ್ ಪದರ ಪದರವಾಗಿ ಉದುರುತ್ತಿದೆ. ಕಂಪನಿಯವರು "ಸಹಜ ಸವಕಳಿ" ಅಂತ ಬರೆದರು. ಯಾರೂ ತೊಡದ ಜಾಕೆಟ್ ಸವೆಯುವುದು ಹೇಗೆ?

ಒಳ್ಳೆ ಪ್ರಶ್ನೆ. ನಾನು ಓದಿ ನಕ್ಕೆ, ಆಮೇಲೆ ನನ್ನ ಕಪಾಟು ನೋಡಿಕೊಂಡು ನಗು ನಿಲ್ಲಿಸಿದೆ.

ಅದು ಲೆದರ್ ಅಲ್ಲ. ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಪದರ. ಚಿಕ್ಕ ಅಳತೆಗೆ ನಿಜವಾದ ಚರ್ಮ ದಪ್ಪ ಕಾಣುತ್ತದೆ, ಅದಕ್ಕೇ ಇದನ್ನು ಬಳಸುತ್ತಾರೆ. ಈ ಪಾಲಿಯುರೆಥೇನ್‌ನಲ್ಲಿ ಎರಡು ಮನೆತನ. ಎಸ್ಟರ್ ಜಾತಿಯದ್ದನ್ನು ಗಾಳಿಯ ತೇವಾಂಶ ಕಡಿಯುತ್ತದೆ. ನೀರಿನ ಅಣುಗಳು ಅದರ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತವೆ. ಈಥರ್ ಜಾತಿಯದ್ದು ತೇವ ತಡೆಯುತ್ತದೆ, ಆದರೆ ಬೆಳಕು, ಆಮ್ಲಜನಕಕ್ಕೆ ಬೇಗ ಸೋಲುತ್ತದೆ. ಅಂದರೆ ತೊಟ್ಟರೂ ತೊಡದಿದ್ದರೂ ಅದು ತನ್ನ ಪಾಡಿಗೆ ಸಾಯುತ್ತಿರುತ್ತದೆ. ಸೋಫಾ, ಹ್ಯಾಂಡ್‌ಬ್ಯಾಗ್, ಶೂ ಅಟ್ಟೆ ಪುಡಿಪುಡಿ ಆಗುವುದೂ ಹೀಗೇ.

ಆದ್ದರಿಂದ "ಸವಕಳಿ" ಅನ್ನೋ ಪದ ತಪ್ಪು. ಸವಕಳಿ ಅಂದರೆ ಬಳಕೆದಾರನ ಕೈವಾಡ. ಇದು ವಸ್ತುವಿನ ಆಯಸ್ಸು, ಆರಿಸಿದ್ದು ಅವರು. ಅವರಿಗೆ ಮತ್ತೆ ಬರೆಯುವಾಗ ಇಷ್ಟೇ ಕೇಳಿ: ಈ ಪದರ ಯಾವ ಜಾತಿಯದ್ದು, ಎಷ್ಟು ವರ್ಷ ಬಾಳಬೇಕು ಅಂತ ನಿಮ್ಮ ಪರೀಕ್ಷೆ ಹೇಳಿತ್ತು, ಅದನ್ನು ಬಾಕ್ಸ್ ಮೇಲೆ ಯಾಕೆ ಬರೆಯಲಿಲ್ಲ?

ಜಾಕೆಟ್ ಉಳಿಸುವ ಮಾಯೆ ನನ್ನ ಹತ್ತಿರ ಇಲ್ಲ. ಉದುರತೊಡಗಿದ ಮೇಲೆ ಎಣ್ಣೆ, ಪಾಲಿಶ್ ಯಾವುದೂ ಹಿಡಿಯುವುದಿಲ್ಲ. ಮಡಿಸದೆ ಇಡಿ, ಒಳಗೆ ಕಾಗದ ತುಂಬಿ, ಬಾಕ್ಸ್‌ನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಆಗಾಗ ಬದಲಿಸಿ. ಕಪ್ಪು ಬಟ್ಟೆ ತೊಟ್ಟ ಫಿಗರ್ ಇದ್ದರೆ ಅದರ ಮೈಗೆ ಬಣ್ಣ ಇಳಿದಿದೆಯಾ ಅಂತಲೂ ನೋಡಿಕೊಳ್ಳಿ. ಗಾಢ ಬಣ್ಣ ಪಿವಿಸಿಯೊಳಕ್ಕೆ ಇಳಿದರೆ ತೊಳೆದು ತೆಗೆಯಲಾಗುವುದಿಲ್ಲ.

ಅಜ್ಜನ ಕಾಲದ ಲೋಹದ ಆಟಿಕೆ ಕಾರು ಒಂದಿದೆ. ಯಾರೂ ಬೀಳಿಸಿಲ್ಲ, ಆದರೂ ಮೈತುಂಬ ಸಣ್ಣ ಸಣ್ಣ ಬಿರುಕು, ಊದಿಕೊಂಡ ಹಾಗಿದೆ. ಪ್ಲಾಸ್ಟಿಕ್ ಹಾಳಾಗುತ್ತೆ ಸರಿ, ಲೋಹಕ್ಕೇನು ರೋಗ?

ರೋಗವೇ. ಜಿಂಕ್ ಪೆಸ್ಟ್ ಅಂತಲೇ ಅದಕ್ಕೆ ಹೆಸರು. ಅಚ್ಚಿಗೆ ಹೊಯ್ಯುವ ಸತುವಿನ ಮಿಶ್ರಲೋಹದಲ್ಲಿ ಸೀಸ, ತವರದಂಥ ಕಲ್ಮಶ ಚೂರೇ ಚೂರು ಸೇರಿದರೂ ಸಾಕು, ಲೋಹದ ಕಣಗಳ ಗಡಿಯಲ್ಲೇ ತುಕ್ಕು ಶುರುವಾಗಿ ಒಳಗಿನಿಂದ ಊದಿ ಒಡೆಯುತ್ತದೆ. ಹೊರಗಿನಿಂದ ಬಂದದ್ದಲ್ಲ, ಪಕ್ಕದ ಕಾರಿಗೆ ಹರಡುವುದೂ ಇಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಅನೇಕ ಆಟಿಕೆ ಕಾರು, ರೈಲುಗಳು ಹೀಗೆ ಹೋಗಿವೆ. ತಮಾಷೆ ಅಂದರೆ ಮದ್ದು ಆಗಲೇ ಸಿಕ್ಕಿತ್ತು. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಝಮಾಕ್ ಎಂಬ ಮಿಶ್ರಲೋಹಗಳನ್ನು ತಂದಿತು. ಗುಟ್ಟು ಇಷ್ಟೇ, 99.99 ಶೇಕಡಾ ಶುದ್ಧ ಸತುವು ಬಳಸುವುದು. ಶುದ್ಧ ಸತುವು ದುಬಾರಿ, ಗುಜರಿ ಅಗ್ಗ. ಮುಂದಿನದ್ದು ನೀವೇ ಊಹಿಸಿ.

ನಿಮ್ಮ ಕಾರನ್ನು ಒಣ ಜಾಗದಲ್ಲಿ, ಬಿಸಿ ತಂಪು ಜಾಸ್ತಿ ಏರುಪೇರಾಗದ ಕಡೆ ಇಡಿ. ಒತ್ತಿ ಹಿಡಿಯಬೇಡಿ. ಗುಣಪಡಿಸಲು ಬರುವುದಿಲ್ಲ.

ಕಾರಿನ ಮಾತು ಬಂದಾಗ ಒಂದು ನೆನಪಾಯ್ತು. ಪ್ಲಾಸ್ಟಿಕ್‌ನಲ್ಲೂ ಇದರ ಅಣ್ಣನಂಥ ರೋಗ ಇದೆ. 1980ರ ದಶಕದ ಕೊನೆಗೆ, 90ರ ದಶಕದಲ್ಲಿ ಬಂದ ಕೆಲವು ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳಲ್ಲಿ (ಭಾಗಗಳನ್ನು ತಿರುಗಿಸಿದರೆ ರೋಬೋಟ್ ವಾಹನವಾಗುವಂಥವು) ಚಿನ್ನದ ಬಣ್ಣದ, ಒಳಗೆ ಮಿನುಗುವ ಸುಳಿ ಕಾಣುವ ಪ್ಲಾಸ್ಟಿಕ್ ಇತ್ತು. ಅದು ವಯಸ್ಸಾದಂತೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಸೀಲ್ ಒಡೆಯದ ಬಾಕ್ಸ್‌ನಲ್ಲಿದ್ದದ್ದನ್ನೂ ಮೊದಲ ಸಲ ತಿರುಗಿಸಿದರೆ ಕೈಯಲ್ಲೇ ಮುರಿಯುತ್ತದೆ. ಸಂಗ್ರಹಕಾರರು ಅದಕ್ಕೆ ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಯಾವ ಆಟಿಕೆಯ ಯಾವ ಭಾಗ ಮುರಿಯುತ್ತದೆ ಅಂತ ಪಟ್ಟಿ ಮಾಡಿ ಒಬ್ಬರಿಗೊಬ್ಬರು ಎಚ್ಚರಿಸಿದ್ದೂ ಅವರೇ.

ಮೇಡಂ, ಪ್ರಿ-ಆರ್ಡರ್ ಮಾಡಿ, ಒಂದೂವರೆ ವರ್ಷ ಕಾದು ತರಿಸಿದ ದುಬಾರಿ ಫಿಗರ್. ಹದಿನಾಲ್ಕನೇ ತಿಂಗಳಿಗೆ ಕಣಕಾಲಿನಲ್ಲಿ ಬಿರುಕು. ಕಂಪನಿ "30 ದಿನದೊಳಗೆ ಹೇಳಬೇಕಿತ್ತು" ಅನ್ನುತ್ತದೆ. ಮಾರಿದವರು "ಕಂಪನಿಯನ್ನು ಕೇಳಿ" ಅನ್ನುತ್ತಾರೆ. ಗೆಳೆಯರು "ಗೊಂಬೆ ತಾನೇ, ಬಿಡು" ಅನ್ನುತ್ತಾರೆ. ಇಲ್ಲಿ ಜವಾಬ್ದಾರಿ ಯಾರದ್ದು?

ಮೊದಲು ಗೆಳೆಯರನ್ನು ಬಿಡಿ.

ನಿಮ್ಮ ಫೋಟೊ ದೊಡ್ಡದು ಮಾಡಿ ನೋಡಿದೆ. ಕಣಕಾಲಿನ ಹಿಂಭಾಗದಲ್ಲಿ, ಒಳಗಿನ ಲೋಹದ ಕಡ್ಡಿ ಕೊನೆಯಾಗುವ ಮಟ್ಟದಲ್ಲೇ ಅಡ್ಡಡ್ಡ ಬಿರುಕು. ಅದರ ಮೇಲೆ ಕೆಳಗೆ ಪ್ಲಾಸ್ಟಿಕ್ ಬಿಳಚಿಕೊಂಡಿದೆ, ಸ್ಕೇಲನ್ನು ಮುರಿಯುವ ಮೊದಲು ಬಗ್ಗಿಸಿದಾಗ ಬಿಳಿ ಗೆರೆ ಮೂಡುತ್ತದಲ್ಲ, ಹಾಗೆ. ಏಟು ಬಿದ್ದ ಬಿರುಕು ಹೀಗಿರುವುದಿಲ್ಲ, ಏಟಿಗೆ ಸಾಮಾನ್ಯವಾಗಿ ಒಂದು ತಾಗಿದ ಗುರುತು ಇರುತ್ತದೆ. ಇದು ಒಳಗಿನಿಂದ ಬಿಗಿದು ಬಿಗಿದು ಸೋತ ಜಾಗ. ರಂಧ್ರ ಚಿಕ್ಕದು, ಕಡ್ಡಿ ದಪ್ಪ. ಅದು ಕಾರ್ಖಾನೆಯಿಂದ ಹೊರಡುವ ದಿನವೇ ಒಳಗಿದ್ದ ತಪ್ಪು, ಹೊರಗೆ ಕಾಣಲು ಹದಿನಾಲ್ಕು ತಿಂಗಳು ಹಿಡಿಯಿತು, ಅಷ್ಟೆ. 30 ದಿನದ ಮಾತು ಬಾಕ್ಸ್‌ನಲ್ಲಿ ಬಿಡಿಭಾಗ ಕಡಿಮೆ ಇದ್ದರೆ ಸರಿ, ಬಣ್ಣ ಸಿಡಿದಿದ್ದರೆ ಸರಿ. ನಿಧಾನಕ್ಕೆ ಹೊರಬರುವ ತಪ್ಪಿಗೆ 30 ದಿನದ ಗಡುವು ಅಂದರೆ, ಬಿತ್ತಿದ ಮೂರನೇ ದಿನಕ್ಕೇ ತೆನೆ ತೋರಿಸು ಅಂದ ಹಾಗೆ.

ಇದರಲ್ಲಿ ನನಗೆ ಸಿಟ್ಟು ಬರುವ ಜಾಗ ಬೇರೆ ಇದೆ. ಬಾಕ್ಸ್ ತಿರುಗಿಸಿ ನೋಡಿ. "14 ವರ್ಷ ಮೇಲ್ಪಟ್ಟ ಸಂಗ್ರಹಕಾರರಿಗೆ" ಅಂತಲೋ "15+" ಅಂತಲೋ ಇರುತ್ತದೆ. ಅದು ಸುಮ್ನೆ ಹಾಕಿದ್ದಲ್ಲ. ಐರೋಪ್ಯ ಒಕ್ಕೂಟದ 2009ರ ಆಟಿಕೆ ಸುರಕ್ಷತಾ ನಿರ್ದೇಶನ 14 ವರ್ಷದೊಳಗಿನವರು ಆಡುವ ಆಟಿಕೆಗಳಿಗೆ ಮಾತ್ರ. 14 ದಾಟಿದ ಸಂಗ್ರಹಕಾರರಿಗೆ ಅಂತ ಕಾಣುವ ಹಾಗೆ ಬರೆದ ಸಂಗ್ರಹದ ವಸ್ತುಗಳನ್ನು ಅದು ಆಟಿಕೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಆಟಿಕೆಗಳಲ್ಲಿ ಥ್ಯಾಲೇಟ್ ಎಂಬ ಜಾತಿಯ ಮೂರು ಪ್ಲಾಸ್ಟಿಸೈಸರ್‌ಗಳು 0.1 ಶೇಕಡಾ ಮೀರಬಾರದು ಅಂತ 2005ರಲ್ಲೇ ನಿಯಮ ಬಂತು. ಆಟಿಕೆಯಲ್ಲದ, ಮೈಗೆ ತಾಗುವ ಬಹುಪಾಲು ವಸ್ತುಗಳಿಗೆ ಅಂಥದೇ ಮಿತಿ ಜಾರಿಯಾಗಿದ್ದು 2020ರ ಜುಲೈನಲ್ಲಿ.

ಹೀಗೆ ಮಾರುವಾಗ ಇದು ಆಟಿಕೆ ಅಲ್ಲ, ಸಂಗ್ರಹದ ವಸ್ತು. ಬೆಲೆ ಕಟ್ಟುವಾಗ ಸಂಗ್ರಹದ ವಸ್ತು. ಆಟಿಕೆಯ ನಿಯಮದಿಂದ ಆಚೆ ನಿಲ್ಲುವಾಗ ಸಂಗ್ರಹದ ವಸ್ತು. ದೂರು ಕೊಟ್ಟ ದಿನ ಮಾತ್ರ ಇದ್ದಕ್ಕಿದ್ದಂತೆ "ಪ್ಲಾಸ್ಟಿಕ್ ಆಟಿಕೆ ಸ್ವಾಮಿ, ಎಷ್ಟು ದಿನ ಬಾಳುತ್ತೆ?" ಎರಡು ನಾಲಿಗೆ ಬೇಡ. ಸಂಗ್ರಹಿಸಿ ಅಂತ ಮಾರಿದ ಮೇಲೆ ಸಂಗ್ರಹದಲ್ಲಿ ನಿಲ್ಲುವಷ್ಟು ಬಾಳಬೇಕು. ಶೋಕೇಸ್‌ನಲ್ಲಿ ಸುಮ್ನೆ ನಿಂತಿರುವುದೊಂದೇ ಅದಕ್ಕಿರುವ ಕೆಲಸ, ಅದನ್ನೂ ಮಾಡಲಾಗದಿದ್ದರೆ?

ಕಂಪನಿ ಪರವಾಗಿಯೂ ಎರಡು ಮಾತು ಹೇಳಲೇಬೇಕು, ಅಲ್ಲಿ ಕೂತು ಬಂದವಳು ನಾನು. ಕಿಟಕಿ ಬಿಸಿಲಲ್ಲಿ ಐದು ವರ್ಷ ಇಟ್ಟು ಬಣ್ಣ ಹೋಯಿತು ಅಂದರೆ ಅದು ನಿಮ್ಮದೇ. ಸೆಂಟು, ಸ್ಪ್ರೇ ಹೊಡೆದು ಮುಖ ಕರಗಿಸಿಕೊಂಡರೆ ನಿಮ್ಮದೇ. ಇಪ್ಪತ್ತೈದು ವರ್ಷದ ಪಿವಿಸಿ ಅಂಟಿದರೆ ಯಾರನ್ನೂ ಬೈಯಬೇಡಿ, ತೊಳೆಯಿರಿ. ಮ್ಯೂಸಿಯಂಗಳಲ್ಲಿ ಸೆಲ್ಯುಲಾಯ್ಡ್, ಸೆಲ್ಯುಲೋಸ್ ಅಸಿಟೇಟ್, ಪಿವಿಸಿ, ಪಾಲಿಯುರೆಥೇನ್ ಈ ನಾಲ್ಕರ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿರುತ್ತಾರೆ, ಅಷ್ಟು ಕಾಟ ಕೊಡುವ ಪ್ಲಾಸ್ಟಿಕ್‌ಗಳು ಅವು. ಅದರಲ್ಲಿ ಎರಡು ನಮ್ಮ ಶೋಕೇಸ್ ತುಂಬ ಇವೆ. ಆದರೆ ನೋಡಿ, ಮ್ಯೂಸಿಯಂನವರಿಗೆ ಗೊತ್ತಿರುವುದು ತಯಾರಕರಿಗೆ ಗೊತ್ತಿಲ್ಲ ಅನ್ನೋಕಾಗಲ್ಲ. ಗೊತ್ತಿದ್ದೂ ಬಾಕ್ಸ್ ಮೇಲೆ ಒಂದು ಸಾಲು ಬರೆಯದಿರುವುದು, ಅದು ನನ್ನ ತಕರಾರು. ಯಾವ ಭಾಗ ಯಾವ ಪ್ಲಾಸ್ಟಿಕ್, ಎಷ್ಟು ಸೆಕೆ ತಡೆಯುತ್ತದೆ, ಬಾಕ್ಸ್‌ನಿಂದ ತೆಗೆದಿಡಬೇಕಾ ಬೇಡವಾ. ಮೂರು ಸಾಲು.

ಇದು ಆಗದ ಕೆಲಸವೂ ಅಲ್ಲ. 1982ರಲ್ಲಿ ಬಂದ ಜಿ.ಐ. ಜೋ ಎಂಬ ಸಣ್ಣ ಸೈನಿಕ ಫಿಗರ್‌ಗಳನ್ನೇ ನೋಡಿ. ಸೊಂಟವನ್ನು ಹಿಡಿದಿಡುವುದು ಒಳಗಿನ ಒಂದು ರಬ್ಬರ್ ಉಂಗುರ. ರಬ್ಬರ್ ಅಂದಮೇಲೆ ಒಂದು ದಿನ ಕಡಿಯಲೇಬೇಕು, ಕಡಿಯುತ್ತದೆ, ಗೊಂಬೆ ಎರಡು ತುಂಡಾಗಿ ಬೀಳುತ್ತದೆ. ಆದರೆ ಬೆನ್ನಲ್ಲಿ ಒಂದು ಸ್ಕ್ರೂ ಇದೆ. ಬಿಚ್ಚಿ, ಹೊಸ ಉಂಗುರ ಹಾಕಿ, ಮತ್ತೆ ಬಿಗಿದರೆ ಆಯ್ತು, ಹತ್ತು ನಿಮಿಷ. ಇಂದಿಗೂ ಜನ ಹೀಗೇ ಮಾಡಿ ಆ ಗೊಂಬೆಗಳನ್ನು ನಿಲ್ಲಿಸಿಕೊಂಡಿದ್ದಾರೆ. ನಿಮ್ಮ ಫಿಗರ್‌ನ ಕಾಲನ್ನು ಅಂಟು ಹಾಕಿ ಮುಚ್ಚಿದ್ದಾರೆ, ಬಿಚ್ಚಲು ಬಾರದ ಹಾಗೆ.

ಕಾನೂನು ದೇಶಕ್ಕೊಂದು ಥರ, ಹಾಗಾಗಿ ನಿಮಗೆ ಅನ್ವಯಿಸುವ ಗ್ರಾಹಕ ಕಾನೂನನ್ನು ಒಮ್ಮೆ ಓದಿ. ಉದಾಹರಣೆಗೆ ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ವಸ್ತುವಿನ ಬಾಳಿಕೆಯನ್ನೂ ಗುಣಮಟ್ಟದ ಭಾಗ ಅನ್ನುತ್ತದೆ. ಕನಿಷ್ಠ ಎರಡು ವರ್ಷದ ಹೊಣೆ ಇದೆ, ಮೊದಲ ಒಂದು ವರ್ಷದಲ್ಲಿ ದೋಷ ಕಂಡರೆ ಅದು ಮೊದಲೇ ಇತ್ತು ಅಂತಲೇ ಲೆಕ್ಕ. ಮುಖ್ಯವಾದ್ದೆಂದರೆ ಆ ಹೊಣೆ ಮಾರಿದವರ ಮೇಲೆ. "ಕಂಪನಿಯನ್ನು ಕೇಳಿ" ಅಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲೂ ಬಾಳಿಕೆಯ ಮಾತಿದೆ, ಅಲ್ಲೂ ಮೊದಲು ಹಿಡಿಯಬೇಕಾದ್ದು ಮಾರಿದವರನ್ನೇ.

ನನ್ನದೇ ಒಂದು ಕತೆ. ನನ್ನ ಹತ್ತಿರವಿದ್ದ ಒಂದು ಫಿಗರ್‌ನ ಪಾರದರ್ಶಕ ಆಧಾರ ಕಡ್ಡಿ ಎರಡನೇ ವರ್ಷಕ್ಕೆ ಪಟ್ ಅಂತ ಮುರಿಯಿತು, ಫಿಗರ್ ಬಿದ್ದು ಮೂಗಿನ ತುದಿ ಹೋಯಿತು. ಬರೆದೆ. ಯಾರಿಗೆ ಬೇಕಾದರೂ ಕಳಿಸಬಹುದಾದಂಥ ಒಂದು ಉತ್ತರ ಬಂತು, ನನ್ನ ಹೆಸರೂ ತಪ್ಪು. ಆಗ ಅದೇ ಫಿಗರ್ ಇದ್ದವರನ್ನು ಹುಡುಕಿದೆ. ಏಳು ಜನ ಸಿಕ್ಕರು. ಐದು ಜನರದ್ದು ಅದೇ ಜಾಗದಲ್ಲಿ ಮುರಿದಿತ್ತು, ಕಡ್ಡಿಯ ಬುಡದಿಂದ ಒಂದು ಸೆಂಟಿಮೀಟರ್ ಮೇಲೆ. ಐದೂ ಫೋಟೊ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದದ್ದು, ಬಾಕ್ಸ್ ಕೆಳಗಿನ ಬ್ಯಾಚ್ ಸಂಖ್ಯೆ, ಕೊಂಡ ದಿನ, ಎಲ್ಲ ಒಂದೇ ಪತ್ರದಲ್ಲಿ ಕಳಿಸಿದೆವು. ಬೈಗುಳ ಒಂದೂ ಇರಲಿಲ್ಲ. ಆರು ವಾರಕ್ಕೆ ಐದು ಜನಕ್ಕೂ ಹೊಸ ಕಡ್ಡಿ ಬಂತು. ಹೊಸದು ಹಳೆಯದಕ್ಕಿಂತ ದಪ್ಪ ಇತ್ತು! ತಪ್ಪು ಒಪ್ಪಿಕೊಂಡಿದ್ದೇವೆ ಅಂತ ಪತ್ರದಲ್ಲಿ ಎಲ್ಲೂ ಇರಲಿಲ್ಲ, ಕಡ್ಡಿ ತಾನೇ ಹೇಳಿತು. ನನ್ನ ಮೂಗು ಮಾತ್ರ ಬರಲಿಲ್ಲ, ಅಂದರೆ ಫಿಗರ್‌ನ ಮೂಗು.

ನೀವೂ ಅದನ್ನೇ ಮಾಡಿ. ಒಬ್ಬರದ್ದಾದರೆ ಅಜಾಗರೂಕತೆ, ಐವರದ್ದಾದರೆ ಆ ಬ್ಯಾಚಿನದ್ದೇ ತಪ್ಪು. ಹೊಸ ಫಿಗರ್ ಕೊಡಿ ಅಂತ ಶುರು ಮಾಡಬೇಡಿ, ಕಾಲಿನ ಬಿಡಿಭಾಗ ಕೇಳಿ. ಬಿಡಿಭಾಗ ಕಳಿಸುವುದು ಅವರಿಗೆ ಸುಲಭ, ಬೇಗ ಒಪ್ಪುತ್ತಾರೆ. ಅಲ್ಲಿಯವರೆಗೆ ಫಿಗರನ್ನು ಮಲಗಿಸಿಡಿ, ಬಿರುಕಿಗೆ ಸೂಪರ್ ಗ್ಲೂ ಹಾಕಬೇಡಿ. ಹಾಕಿದರೆ "ನೀವೇ ಕೈ ಹಾಕಿದ್ದೀರಿ" ಅನ್ನಲು ಅವರಿಗೊಂದು ನೆಪ.

ಬಿಳಿ ಕೂದಲು ಹಳದಿಯಾಗಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಟ್ಟರೆ ಬೆಳ್ಳಗಾಗುತ್ತೆ ಅಂತಾರೆ. ಮಾಡಬಹುದಾ?

ಅದು ಹಳೆಯ ಕಂಪ್ಯೂಟರ್ ಪ್ರಿಯರು 2008ರ ಸುಮಾರಿಗೆ ಕಂಡುಕೊಂಡ ಉಪಾಯ, ಎಬಿಎಸ್ ಡಬ್ಬಿಗಳಿಗೆ. ಬಣ್ಣ ಬಳಿಯದ, ಬಿಚ್ಚಿ ತೆಗೆಯಬಹುದಾದ ಬಿಳಿ ಎಬಿಎಸ್ ತುಂಡಾದರೆ ಪ್ರಯತ್ನಿಸಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಆದರೆ ಹಳದಿ ಮತ್ತೆ ಬರಬಹುದು, ಸಮವಾಗಿ ಹಚ್ಚದಿದ್ದರೆ ಪಟ್ಟೆ ಪಟ್ಟೆ ಆಗುತ್ತದೆ. ಫಿಗರ್ ಕೂದಲು ಹೆಚ್ಚಾಗಿ ಪಿವಿಸಿ. ಅಲ್ಲಿ ಹಳದಿ ಬರುವುದು ವಸ್ತುವಿನಿಂದ ಹೈಡ್ರೋಜನ್ ಕ್ಲೋರೈಡ್ ಕಳಚಿಕೊಂಡು ಎಳೆಗಳ ರಚನೆಯೇ ಬದಲಾಗುವುದರಿಂದ. ಅದಕ್ಕೆ ಬಿಸಿಲು, ಶಾಖ ಎರಡೂ ಇಂಧನ. ಬಿಸಿಲಿನಿಂದ ಆದದ್ದಕ್ಕೆ ಬಿಸಿಲೇ ಮದ್ದು ಅಂದರೆ ನನಗಂತೂ ಧೈರ್ಯ ಬರುವುದಿಲ್ಲ. ನನ್ನ ಹಳದಿ ಕೂದಲಿನ ಎರಡನ್ನು ಹಾಗೇ ಬಿಟ್ಟಿದ್ದೇನೆ. ನನಗೂ ನರೆ ಬಂದಿದೆ, ನಾವು ಮೂವರೂ ಹೊಂದಿಕೊಂಡಿದ್ದೇವೆ.

ಹಳೆಯ ಗೊಂಬೆಯ ಬಾಕ್ಸ್ ತೆರೆದಾಗ ವಿನೆಗರ್ ವಾಸನೆ ಬಂತು ಅಂತ ಇನ್ನೊಬ್ಬರು ಬರೆದಿದ್ದಾರೆ. ಅದು ಸೆಲ್ಯುಲೋಸ್ ಅಸಿಟೇಟ್ ಕೊಳೆಯುವ ವಾಸನೆ ಇರಬಹುದು. ಅದನ್ನು ಇವತ್ತೇ ಉಳಿದವುಗಳಿಂದ ದೂರ ಇಡಿ, ಹೊರಬರುವ ಆಮ್ಲ ಪಕ್ಕದವುಗಳನ್ನೂ ಕೆಡಿಸುತ್ತದೆ. ಸೆಲ್ಯುಲಾಯ್ಡ್ ಗೊಂಬೆಯಾದರೆ ಬೆಂಕಿ, ಶಾಖದ ಹತ್ತಿರ ಸುಳಿಯಲೇಬೇಡಿ, ಬೇಗ ಹತ್ತಿಕೊಳ್ಳುವ ವಸ್ತು ಅದು.

ಅಕ್ಕಾ, ಅಂಟುತ್ತಿದ್ದ ಫಿಗರನ್ನು ತೊಳೆದೆ, ಈಗ ಹೊಸದರ ಹಾಗಿದೆ. ಮಾರಬೇಕು ಅಂತಿದ್ದೇನೆ. ಕೊಳ್ಳುವವರಿಗೆ ಹೇಳಬೇಕಾ? ಹೇಳಿದರೆ ಬೆಲೆ ಬೀಳುತ್ತೆ.

ಹೇಳಬೇಕು ತಮ್ಮಾ. ಮೇಲೆ ಇಷ್ಟು ಹೊತ್ತು ಕಂಪನಿಗೆ ಬೈದಿದ್ದು ಇದಕ್ಕೇ ಅಲ್ವಾ, ಗೊತ್ತಿದ್ದೂ ಹೇಳಲಿಲ್ಲ ಅಂತ. "ಯಾವ ತಿಂಗಳು ಅಂಟು ಕಂಡಿತು, ಸೋಪು ನೀರಲ್ಲಿ ಎಷ್ಟು ಸಲ ತೊಳೆದೆ, ಈಗ ಇಷ್ಟು ವಾರದಿಂದ ಒಣಗಿದೆ, ಮತ್ತೆ ಅಂಟಬಹುದು" ಅಂತ ಬರಿ. ಪಾದದ ಅಡಿ, ಕುತ್ತಿಗೆಯ ಸಂದು, ಟ್ರೇಗೆ ತಾಗುತ್ತಿದ್ದ ಜಾಗ, ಇವುಗಳ ಫೋಟೊ ಹತ್ತಿರದಿಂದ ತೆಗೆದು ಹಾಕು. ಬೆಲೆ ಸ್ವಲ್ಪ ಬೀಳುತ್ತದೆ, ನಿಜ. ಆದರೆ ಗೊತ್ತಿದ್ದು ಕೊಳ್ಳುವವರು ಸಿಗುತ್ತಾರೆ. ನಾನೇ ಅಂಥವು ನಾಲ್ಕು ಕೊಂಡಿದ್ದೇನೆ. ಕಳಿಸುವಾಗ ಬಬಲ್ ರ‍್ಯಾಪನ್ನು ನೇರವಾಗಿ ಮೈಗೆ ಸುತ್ತಬೇಡ, ಗುಳ್ಳೆಗಳ ಅಚ್ಚು ಬೀಳುತ್ತದೆ. ಮೊದಲು ತೆಳ್ಳಗಿನ ಬಿಳಿ ಟಿಶ್ಯೂ ಕಾಗದ, ಆಮೇಲೆ ಅದು.